ಆಡಿನ ಕೊಟ್ಟಿಗೆಯ ಬಾಗಿಲು ಹಾಗೂ ವೆಲ್ಡಿಂಗ್ ಯಂತ್ರದ ಖರೀದಿ ಕುರಿತು

ಮಾನ್ಯ ಓದುಗರ ಸನ್ನಿಧಿಗೆ,

ನನ್ನ ಅಕ್ಷರ ಅಂದವಾಗಿಲ್ಲ. ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಅರ್ಜಿಗಳ ಹೊರತು ಇದುವರೆಗೆ ಬೇರೇನನ್ನೂ ಬರೆದವನಲ್ಲವಾದ್ದರಿಂದ ಮೊದಲೇ ಕ್ಷಮೆ ಕೋರುತ್ತೇನೆ.

ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೌದಳ್ಳಿಯ ನಮ್ಮ ಮನೆಯ ಹಿಂದೆ ನನ್ನ ಹೆಂಡತಿಯ ಆಡುಗಳ ಕೊಟ್ಟಿಗೆ ಇದೆ. ಕಳೆದ ಬೇಸಿಗೆಯಲ್ಲಿ ಚಿರತೆಯು ಬಿದಿರಿನ ತಡಿಕೆಯನ್ನು ತಳ್ಳಿ ಒಂದು ಮರಿಯನ್ನು ಹೊತ್ತೊಯ್ದಿತು. ಕಬ್ಬಿಣದ ಬಾಗಿಲು ತುರ್ತಾಗಿ ಆಗಬೇಕಿತ್ತು. ಕೊಳ್ಳೇಗಾಲದ ಶೆಡ್ಡೊಂದರಲ್ಲಿ ವರ್ಷಗಟ್ಟಲೆ ಬೆಸುಗೆ ಕೆಲಸ ಮಾಡಿದ ನಾನು, ಸ್ವಂತ ಯಂತ್ರ ಕೊಂಡು, ಮೊದಲು ಆ ಬಾಗಿಲನ್ನು ಮಾಡಿ, ಬಳಿಕ ಮನೆಯಲ್ಲೇ ಕೆಲಸ ಮುಂದುವರಿಸಲು ತೀರ್ಮಾನಿಸಿದೆ. ನಾನು ನೋಡಿಟ್ಟಿದ್ದುದು ಇನ್ವರ್ಟರ್ ಮಾದರಿಯ ಸಣ್ಣ ಯಂತ್ರ. ಮನೆಯ ಸಿಂಗಲ್ ಫೇಸ್ ಕರೆಂಟಿಗೆ ಅದೇ ತಕ್ಕುದು.

ಕಬ್ಬಿಣದ ಸಾಮಾನನ್ನು ಸೋದರಮಾವನ ಕೈಯಿಂದಲೇ ಎತ್ತಿಸುವುದು ನಮ್ಮ ಮನೆಯ ಪದ್ಧತಿ. ಆದಕಾರಣ ಮಾವನವರನ್ನು ಕೊಳ್ಳೇಗಾಲದ ಅಂಗಡಿಗೆ ಕರೆದೊಯ್ದೆ. ಅವರು ಸದರಿ ಯಂತ್ರವನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕರು.

“ಇದೇನ್ಲಾ, ಬುತ್ತಿ ಡಬ್ಬಿನಾ? ಕಳ್ಳ ಕಂಕುಳಲ್ಲಿ ಇಟ್ಕಂಡು ಓಯ್ತಾನೆ ಕಣ್ಲಾ.”

“ತೂಕ ನೋಡ್ಬ್ಯಾಡಿ ಮಾವ. ನಮ್ಮನೆ ಲೈನ್‌ಗೆ ಇದೇ ಸರಿ.”

“ನೀ ಸುಮ್ನಿರಪ್ಪ,” ಎಂದವರೇ ಮೂಲೆಯಲ್ಲಿದ್ದ ತಾಮ್ರದ ಸುರುಳಿಯ ದೊಡ್ಡ ಯಂತ್ರದ ಬೆನ್ನು ತಟ್ಟಿದರು. “ಇದು ಮಿಶಿನ್ ಅಂದ್ರೆ.”

ಅಂಗಡಿಯವರು ನನ್ನತ್ತ ತಿರುಗಿಯೂ ನೋಡದೆ ಅವರನ್ನೇ ಕೇಳಿದರು: “ತ್ರೀ ಫೇಸ್ ಅದಾ ಸಾ?”

“ಅದೆ ಅದೆ. ನಮ್ ಮೋಟ್ರು ಓಡಾಕಿಲ್ವಾ?”

ಆ ಮೋಟಾರು ಇರುವುದು ಹೊಲದಲ್ಲಿ, ತ್ರೀ ಫೇಸ್ ಲೈನೂ ಅಲ್ಲಿಗೆ ಮಾತ್ರ. ನಾನು ಇದನ್ನು ಎರಡು ಬಾರಿ ಹೇಳಿದೆ. ಅಷ್ಟರಲ್ಲಿ ಯಂತ್ರ ಗೂಡ್ಸ್ ಆಟೋ ಹತ್ತಿತ್ತು.

ಮನೆಗೆ ತಂದು ತಂತಿ ಕೊಡುವ ಮೊದಲೇ ಮಾವನವರು ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಅದರ ಅಂಚಿಗೇ ತೆಂಗಿನಕಾಯಿ ಒಡೆದರು. ಅನಂತರ ಅವರ ಒತ್ತಾಯಕ್ಕೆ ಮನೆಯ ಲೈನಿಗೇ ತಂತಿ ಕೊಟ್ಟು, ನಾನು ಬೆಸುಗೆಯ ರಾಡು ತಾಗಿಸಿದೆ. ಕಿಡಿ ಹಾರಲಿಲ್ಲ, ರಾಡು ಕಬ್ಬಿಣಕ್ಕೆ ಕಚ್ಚಿಕೊಂಡಿತು. ಬಲ್ಬು ಮಂಕಾಯಿತು, ಕಂಬದಲ್ಲಿ ಫ್ಯೂಸು ಹೋಯಿತು.

“ಯಾರ್ಲಾ ಅದು? ನನ್ ಚಟ್ನಿ ಅರ್ಧಕ್ಕೇ ನಿಂತೋಯ್ತು,” ಎಂದು ಪಕ್ಕದ ಮನೆಯಾಕೆ ಬೈದಳು.

“ಪೂಜೇಲಿ ಏನೋ ಕೊರೆ ಆಗಿರ್ಬೇಕು,” ಎಂದರು ಮಾವನವರು. ಕೈಲಿದ್ದ ಸುತ್ತಿಗೆಯನ್ನು ನಾನು ಕೆಳಗಿಟ್ಟದ್ದು ಅವರ ಪುಣ್ಯ.

ಮರುದಿನ ಯಂತ್ರವನ್ನು ಹಿಂದಿರುಗಿಸಲು ಹೋದೆ.

“ಕುಂಕುಮ ಇಟ್ಟು ಕಾಯಿ ಒಡ್ದಿದ್ದೀರಿ. ಪೂಜೆ ಆದ ಮಾಲನ್ನ ಇನ್ನೊಬ್ಬ ಗಿರಾಕಿ ತಕತಾನಾ ಸಾ?”

“ಲೈನ್ ಯಾವ್ದು ಅಂತ ನನ್ನ ಕೇಳಿದ್ರಾ?”

“ಹಿರೀರು ಏಳಿದ್ರಲ್ಲ.”

ಈ ಮಾತು ನೆನಪಾದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಹಿರಿಯರು ಹೇಳಿದರೆಂದು ಮನೆಯ ತಂತಿಯಲ್ಲಿ ಬೇರೆ ಕರೆಂಟು ಹರಿಯುವುದಿಲ್ಲ. ಬೆಸುಗೆ ಹಾಕುವವನು ನಾನು, ಬಳಸುವವನು ನಾನು. ಅಭಿಪ್ರಾಯ ಮಾತ್ರ ನನ್ನದು ಬೇಡ.

ಬಾಗಿಲಿಲ್ಲದ ಕಾರಣ ಆಡುಗಳನ್ನು ನಡುಮನೆಯಲ್ಲಿ ಕಟ್ಟಲಾಯಿತು. ಹಿಕ್ಕೆ ಗುಡಿಸುತ್ತ ಹೆಂಡತಿ ಹೇಳಿದಳು: “ನಿಮ್ ಮಿಶಿನ್‌ನೇ ಕೊಟ್ಟಿಗೆಗೆ ಅಡ್ಡ ಇಟ್ಬುಡಿ. ಚಿರತೆ ಎತ್ತಾಕಾಯ್ತದಾ ನೋಡಾನ.” ನಾನು ನಗಲಿಲ್ಲ.

ಕಡೆಗೆ ಯಳಂದೂರಿನಲ್ಲಿ ತ್ರೀ ಫೇಸ್ ಇದ್ದ ವರ್ಕ್‌ಶಾಪಿನವರೊಬ್ಬರು ಅದನ್ನು ಪಡೆದು, ತಮ್ಮ ಹಳೆಯ ಇನ್ವರ್ಟರ್ ಯಂತ್ರವನ್ನು ಕೊಟ್ಟರು. ಎತ್ತಲು ಯಾರನ್ನೂ ಕರೆಯಲಿಲ್ಲ. ನಾನೇ ಎತ್ತಿಕೊಂಡು ಬಸ್ಸು ಹತ್ತಿದೆ. ಅದೇ ವಾರ ಬಾಗಿಲು ನಿಂತಿತು, ಆಡುಗಳು ಕೊಟ್ಟಿಗೆಗೆ ಮರಳಿದವು.

ಯಂತ್ರ ಬದಲಾದ ಸಂಗತಿ ತಿಳಿಯದ ಮಾವನವರು ಬಂದು ಬಾಗಿಲನ್ನು ಅಲ್ಲಾಡಿಸಿ ನೋಡಿದರು. “ನೋಡ್ದಾ? ನಾನು ಆರ್ಸಿದ್ ಮಿಶಿನ್ ಎಂಗೆ ಕೆಲ್ಸ ಮಾಡ್ತದೆ.”

ಕಾಫಿ ಕೊಟ್ಟೆ. ಇಂದಿಗೂ ಅವರೊಡನೆ ಮಾತಾಡಬೇಕೆನಿಸಿಲ್ಲ.

ಮೇಲ್ಕಂಡ ಬರಹದಲ್ಲಿ ಅಕ್ಷರದೋಷ, ಪದದೋಷ ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಡಬೇಕಾಗಿ ವಿನಂತಿ.