ಸವಣೂರಿಗೆ ಬನ್ನಿ ಒಯ್ದ ದಿನ

ನನ್ನ ತಂಗಿಯ ಮಗ ಹೆಂಡತಿಯನ್ನು ಕೊಂದು ಜೈಲಿಗೆ ಹೋಗಿದ್ದ. ಜೀವಾವಧಿ ಶಿಕ್ಷೆಯಾಗಿತ್ತು. ಪೂರ್ತಿ ಮುಗಿಯುವ ಮೊದಲೇ ಸನ್ನಡತೆಯ ಮೇಲೆ ಅವನನ್ನು ಬಿಟ್ಟರು. ಬಿಟ್ಟದ್ದು ಸರ್ಕಾರ. ಆದರೆ ಹೊರಗೆ ಬಂದವನನ್ನು ಇನ್ನೊಬ್ಬ ಹೆಂಗಸಿನ ಬಾಗಿಲಿಗೆ ಕರೆದುಕೊಂಡು ಹೋದವನು ನಾನು. ಇದನ್ನು ಕೋರ್ಟಿನಲ್ಲಿ ಹೇಳಿ ಆಗಿದೆ. ಆದರೂ ಹೇಳಿ ಮುಗಿಯಿತು ಅನಿಸುವುದಿಲ್ಲ.

ತಿಳವಳ್ಳಿಯ ಹತ್ತಿರದ ನಮ್ಮ ಊರಿನಲ್ಲಿ ನನ್ನ ವಾರಿಗೆಯವರಲ್ಲಿ ಹತ್ತನೇ ಇಯತ್ತೆ ಪಾಸಾದವರು ಕಡಿಮೆ. ಹೀಗಾಗಿ ಊರಿಗೆ ಯಾವ ಅಧಿಕಾರಿ ಬಂದರೂ ಜನ ನನ್ನನ್ನೇ ಮುಂದೆ ತಳ್ಳುತ್ತಿದ್ದರು. ಎಲ್ಲರ ಪರವಾಗಿ ಮಾತಾಡುವುದು ನನಗೆ ರೂಢಿಯಾಗಿ ಹೋಗಿತ್ತು. ತಂಗಿಯ ಮಗನ ಮದುವೆಯನ್ನೂ ನಾನೇ ಮುಂದೆ ನಿಂತು ಮಾಡಿಸಿದ್ದೆ. ಅವನಿಗೆ ಹೆಂಡತಿಯ ಮೇಲೆ ಇಲ್ಲದ ಸಂಶಯ. ತೊಟ್ಟಿಲಲ್ಲಿ ಹೆಣ್ಣು ಕೂಸು ಇರುವಾಗಲೇ ಅವಳನ್ನು ಕೊಂದ. ಕೂಸನ್ನು ನೋಡಲು ಬಂದಿದ್ದ ಅವಳ ಅಕ್ಕ ಅದನ್ನು ಕಣ್ಣಾರೆ ಕಂಡಳು. ಕೋರ್ಟಿನಲ್ಲಿ ಅಂಜದೆ ಸಾಕ್ಷಿ ಹೇಳಿದಳು. ಅವತ್ತು ಪೊಲೀಸರು ಅವನನ್ನು ಒಯ್ಯುವಾಗ ಅವನು ಅವಳ ಕಡೆ ತಿರುಗಿ, ಹೊರಗೆ ಬಂದ ಮೇಲೆ ನೋಡಿಕೊಳ್ಳುತ್ತೇನೆ ಎಂದ. ನಾನು ಪಕ್ಕದಲ್ಲೇ ಇದ್ದೆ. ಸಿಟ್ಟಿನ ಮಾತು ಎಂದು ಬಿಟ್ಟುಬಿಟ್ಟೆ.

ಆ ಅಕ್ಕ ಮದುವೆಯಾಗಲಿಲ್ಲ. ಕೂಸನ್ನು ಎತ್ತಿಕೊಂಡು ಸವಣೂರಿಗೆ ಹೋಗಿ, ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸಿನ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದಳು. ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಹುಡುಗಿಯನ್ನು ಓದಿಸಿದಳು. ಅವಳಿರುವ ಓಣಿ ನಮ್ಮ ಕಡೆಯವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಸುಗ್ಗಿ ಮುಗಿದ ಮೇಲೆ ಒಂದು ಚೀಲ ಅಕ್ಕಿ ಇಟ್ಟು ಬರುತ್ತಿದ್ದೆ. ನಾನು ಯಾರ ಮುಂದೂ ಬಾಯಿ ಬಿಡುವವನಲ್ಲ ಎಂದು ಅವಳು ನಂಬಿದ್ದಳು.

ಬಿಡುಗಡೆಯ ಮೊದಲು ಪೊಲೀಸರು ಊರಿಗೆ ಬಂದು ವಿಚಾರಿಸುತ್ತಾರೆ. ನಮ್ಮಲ್ಲಿಗೂ ಒಬ್ಬರು ಬಂದರು. ಅವನು ಬಂದರೆ ಯಾರದಾದರೂ ತಕರಾರು ಇದೆಯೇ ಎಂದು ಕೇಳಿದರು. ತಂಗಿ ಚಹಾ ಹಿಡಿದು ನನ್ನ ಹಿಂದೆ ನಿಂತಿದ್ದಳು. ತಾನು ಸಾಯುವ ಮೊದಲು ಮಗ ಮನೆಯಲ್ಲಿರಲಿ ಎಂಬುದೊಂದೇ ಅವಳ ಆಸೆ. ಯಾರದೂ ತಕರಾರಿಲ್ಲ ಎಂದೆ. ಹೆಂಡತಿಯ ಕಡೆಯವರು ಎಲ್ಲಿದ್ದಾರೆ ಎಂದು ಅವರು ಕೇಳಿದಾಗ, ಊರು ಬಿಟ್ಟು ಹೋಗಿದ್ದಾರೆ ಎಂದೆ. ಸುಳ್ಳಲ್ಲ. ಆದರೆ ಸವಣೂರಿಗೆ ಹೋಗಿ ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ.

ಸ್ವಾತಂತ್ರ್ಯ ದಿನಕ್ಕೆ ಬಿಟ್ಟರು. ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಚಹಾದ ಅಂಗಡಿಯಲ್ಲಿ ಒಬ್ಬ, "ಏನಪಾ, ಮಾವನ ಮನಿ ಊಟ ಹೆಂಗಿತ್ತು? ಮೈ ಹಿಡದೀಯಲ್ಲ" ಎಂದು ಕೆಣಕಿದ. ಅವನು ಸುಮ್ಮನೆ ನಕ್ಕ. ಹೊಲದಲ್ಲಿ ದುಡಿಯುತ್ತಿದ್ದ, ಕುಡಿಯುತ್ತಿರಲಿಲ್ಲ, ಹೊತ್ತಾಗುವ ಮೊದಲೇ ಮನೆಗೆ ಬರುತ್ತಿದ್ದ. ಮನುಷ್ಯ ತಿದ್ದಿಕೊಂಡ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅವನನ್ನು ತಿದ್ದಿದವನು ನಾನೇ ಎಂಬ ಸೊಕ್ಕು ನನಗೆ ಬಂತು.

ದಸರಾ ಬಂತು. ನಮ್ಮ ಕಡೆ ಬನ್ನಿ ಕೊಡಲು ಬಂದವರನ್ನು ಯಾರೂ ಬಾಗಿಲಿಂದ ಹೊರಗೆ ಹಾಕುವುದಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರೂ ಅವತ್ತು ಬನ್ನಿ ಕೊಟ್ಟು ಕಾಲಿಗೆ ಬೀಳುತ್ತಾರೆ. ಹೀಗೆ ಮುರಿದ ಮನೆತನಗಳನ್ನು ನಾನೇ ಕೂಡಿಸಿದ್ದೆ. ಅದೇ ಧೈರ್ಯದ ಮೇಲೆ ಮರುದಿನ ಅವನನ್ನು ಕರೆದುಕೊಂಡು ಹಾನಗಲ್ಲಿಗೆ ಹೋಗಿ, ಅಲ್ಲಿಂದ ಸವಣೂರಿಗೆ ಹೋದೆ.

ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊಸ್ತಿಲು ದಾಟಿ, ಬನ್ನಿ ಎಲೆ ಕೊಟ್ಟು, ಅವಳ ಕಾಲು ಮುಟ್ಟಿ ನಮಸ್ಕರಿಸಿದ. ನನ್ನ ಕಣ್ಣು ತುಂಬಿ ಬಂತು. ಅವಳು ಹಿಟ್ಟಿನ ಕೈಯಲ್ಲೇ ಎಲೆ ತೆಗೆದುಕೊಂಡಳು. ಅವನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಚಹಾ ಮಾಡಿ ಇಬ್ಬರಿಗೂ ಕೊಟ್ಟಳು. ಹುಡುಗಿ ಒಳಗೆ ಬಂದು, ಯಾರೆಂದು ತಿಳಿಯದೆ ಅವನಿಗೂ ಬನ್ನಿ ಕೊಟ್ಟು ಹೋದಳು.

ಹೊರಡುವಾಗ ಅವಳು ನನ್ನನ್ನು ಹಿತ್ತಲಿಗೆ ಕರೆದಳು. "ಮಾವಾರ, ನೀವು ಬನ್ನಿ ಕೊಡಿಸ್ಲಿಲ್ಲ. ಅವಂಗ ನನ್ನ ಮನಿ ತೋರಿಸಿದ್ರಿ."

"ಅವ ಬದಲಾಗ್ಯಾನವಾ. ಹೊಣಿ ನಂದು."

"ಹೊಣಿ ಅಂದ್ರ ಏನ್ ಮಾಡ್ತೀರಿ? ದಿನಾ ಬಂದು ಈ ಬಾಗಲದಾಗ ಕುಂದ್ರತೀರೇನು?"

ನಾನು ನಕ್ಕೆ. ಬೇರೆ ಊರು ನೋಡುತ್ತೇನೆ ಎಂದಳು. ಹುಡುಗಿ ಹತ್ತನೇ ಇಯತ್ತೆಯಲ್ಲಿದ್ದಾಳೆ, ನಡುವೆ ಶಾಲೆ ಬಿಡಿಸಬೇಡ, ಪರೀಕ್ಷೆ ಮುಗಿಯಲಿ ಎಂದು ನಾನೇ ತಡೆದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನು, "ಮಾಮಾ, ಕೂಸು ಸಾಲಿಗೆ ಎಷ್ಟೊತ್ತಿಗೆ ಹೋಗ್ತದ?" ಎಂದು ಕೇಳಿದ. ತಂದೆಯ ಕರುಳು ಎಂದುಕೊಂಡೆ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು ಎಂದೆ. ಮನೆಯ ಯಜಮಾನಿ ಮುದುಕಿ ಹಗಲು ಮನೆಯಲ್ಲಿ ಇರುತ್ತಾಳೋ ಎಂದ. ಮಧ್ಯಾಹ್ನ ಮಗಳ ಮನೆಗೆ ಹೋಗುತ್ತಾಳೆ ಎಂದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ.

ದೀಪಾವಳಿಯ ಮೊದಲು ಗೋವಿನಜೋಳ ಮುರಿಯುವ ಕೆಲಸವಿತ್ತು. ಅವತ್ತು ಅವನು ಅಕ್ಕಿಆಲೂರಿನ ಸಂತೆಗೆ ಹೋಗಿ ಬರುತ್ತೇನೆ ಎಂದು ಹೋದ. ಸವಣೂರಿಗೆ ಹೋಗಿ, ಹಾಡುಹಗಲಿನಲ್ಲಿ ಅವಳನ್ನು ಕೊಂದ. ನಮ್ಮ ಮನೆಯ ಕುಡಗೋಲನ್ನೇ ಒಯ್ದಿದ್ದ. ಮಗಳ ಮನೆಯಿಂದ ಬಂದ ಯಜಮಾನಿ ಮೊದಲು ನೋಡಿದ್ದು. ಆ ಮುದುಕಿ ಶಾಲೆಯಿಂದ ಬರುವ ಹುಡುಗಿಯನ್ನು ಓಣಿಯ ತುದಿಯಲ್ಲೇ ತಡೆದು, ಒಳಗೆ ಬಿಡದೆ, ತಬ್ಬಿಕೊಂಡು ಕೂತಿದ್ದಳಂತೆ.

ಪೊಲೀಸರು ನನ್ನನ್ನು ಕೇಳಿದಾಗ ಬನ್ನಿಗೆ ಹೋದದ್ದನ್ನು ಹೇಳಲಿಲ್ಲ. ಮನೆ ಅವನು ಹೇಗೆ ಹುಡುಕಿದನೋ ಗೊತ್ತಿಲ್ಲ ಎಂದೆ. ಆದರೆ ಅವತ್ತು ನಾವಿಬ್ಬರೂ ಅವಳ ಖೋಲಿಗೆ ಹೋದದ್ದನ್ನು ಯಜಮಾನಿ ನೋಡಿದ್ದಳು. ಕೇಸು ಹಾವೇರಿಯ ಕೋರ್ಟಿಗೆ ಬಂದಾಗ ನನಗೂ ಸಾಕ್ಷಿಗೆ ಕರೆ ಬಂತು. ಹಿಂದಿನ ದಿನ ತಂಗಿ ನನ್ನ ಕಾಲು ಹಿಡಿದಳು. "ಅಣ್ಣಾ, ಅವತ್ತು ಹೊಲದಾಗ ನಿನ್ನ ಜೋಡಿ ಇದ್ದ ಅಂತ ಹೇಳು. ಸತ್ತಾಕಿ ಎದ್ದು ಬರ್ತಾಳೇನು?"

ಕಟಕಟೆಯಲ್ಲಿ ಎಲ್ಲವನ್ನೂ ಹೇಳಿದೆ. ಮನೆ ತೋರಿಸಿದವನು ನಾನು, ಯಾವ ಹೊತ್ತಿಗೆ ಅವಳು ಒಬ್ಬಳೇ ಇರುತ್ತಾಳೆಂದು ಹೇಳಿದವನೂ ನಾನು ಎಂದೆ. ತಂಗಿ ಎದ್ದು ಹೊರಗೆ ಹೋದಳು. ಅವತ್ತಿನಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ಅವನು ಮಾತ್ರ ನನ್ನನ್ನು ನೋಡಿ, ಚಹಾದ ಅಂಗಡಿಯಲ್ಲಿ ನಕ್ಕಂತೆಯೇ ನಕ್ಕ. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಹುಡುಗಿ ಆ ಯಜಮಾನಿಯ ಜೊತೆ ನಿಂತಿದ್ದಳು. ಸೊರಗಿದ್ದಳು. ಹತ್ತಿರ ಹೋದೆ. ನಾವು ಮುದುಕರು ಯಾರನ್ನು ಕಂಡರೂ ಕೇಳುವ ಮಾತು ನನ್ನ ಬಾಯಿಂದ ಬಂತು. "ಈಗ ಎಲ್ಲಿ ಇರ್ತೀಯವಾ? ಯಾವ ಊರಾಗ?"

ಹುಡುಗಿ ಸಟಕ್ಕನೆ ಮುದುಕಿಯ ಬೆನ್ನಿಗೆ ಸರಿದಳು. ಅವಳು ಆ ಮುದುಕಿಯ ಬುರ್ಖಾ ಹಿಡಿದುಕೊಂಡದ್ದು ಕಂಡಿತು, ಮುಖ ಕಾಣಲಿಲ್ಲ.

ಮುದುಕಿ ದನಿ ಏರಿಸದೆ ಹೇಳಿದಳು. "ಅದೊಂದು ಕೇಳಬ್ಯಾಡ್ರಿ ಯಜಮಾನ್ರ. ನಿಮಗ ಕೈ ಮುಗಿತೇನಿ."

ಊರಿಗೆ ಹೋಗಲು ಬಸ್ ನಿಲ್ದಾಣಕ್ಕೆ ಬಂದೆ. ಸ್ವಲ್ಪ ಹೊತ್ತಿಗೆ ಅವರಿಬ್ಬರೂ ಅಲ್ಲಿಗೇ ಬಂದರು. ಶಿಗ್ಗಾಂವಿಯ ಬಸ್ಸು ನಿಂತಿತ್ತು, ಸವಣೂರಿನದು ನಿಂತಿತ್ತು, ಹಿರೇಕೆರೂರಿನದು ಆಗಷ್ಟೇ ಒಳಗೆ ಬರುತ್ತಿತ್ತು. ಹುಡುಗಿ ಯಾವುದನ್ನು ಹತ್ತುತ್ತಾಳೋ ನನಗೆ ತಿಳಿಯಬಾರದು. ಗೋಡೆಯ ಕಡೆ ಮುಖ ಮಾಡಿ ಕೂತೆ. ಶೇಂಗಾ ಮಾರುವವನೊಬ್ಬ ಬಂದು, "ಯಾವ ಬಸ್ಸಿಗೆ ಕುಂತೀರಿ ಅಜ್ಜಾರ?" ಎಂದು ಕೇಳಿದ.

ಮೊದಲು ಇವೆಲ್ಲ ಹೋಗಲಿ ಎಂದೆ.