ಜೇಡದ ಮರಿಗೆ ಅಡಿಕೆ ಡಬ್ಬಿ

ಮಳವಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದಾಗ ನಾನು ದೊಡ್ಡ ಜಾತಿಯ ಕೂದಲು ಜೇಡದ ಮರಿಯೊಂದನ್ನು ಸಾಕಿದ್ದೆ. ಹುಣಸೆಬೀಜದಷ್ಟಿತ್ತು. ಆರಾಮಾಗಿರಲಿ ಎಂದು ಮೀನು ಸಾಕುವ ಗಾಜಿನ ತೊಟ್ಟಿಯಲ್ಲಿ ಬಿಟ್ಟಿದ್ದೆ. ಹದಿನೈದು ದಿನವಾದರೂ ಅದು ಏನೂ ತಿನ್ನಲಿಲ್ಲ. ಬಲ್ಲವರಿಗೆ ತೋರಿಸೋಣವೆಂದು ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿದೆ.

ಪಕ್ಕದಲ್ಲಿದ್ದ ಪೂರಿಗಾಲಿಯ ಹೆಂಗಸು ಬಗ್ಗಿ ನೋಡಿದರು. ಅವರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರಂತೆ.

"ಇಷ್ಟು ಮರಿಗೆ ಅಷ್ಟಗಲ ಯಾಕ್ ಕೊಟ್ಟಿದ್ದೀರಿ ಸಾಮಿ? ತಿನ್ನೋದು ಅದ್ಕೆಲ್ಲಿ ಸಿಕ್ತದೆ? ನಾವು ಮರಿ ಉಳಾನ ಸಣ್ಣ ತಟ್ಟೇಲಿ ಇಡ್ತೀವಿ. ಪೊರೆ ಬುಟ್ಟಂಗೆಲ್ಲ ದೊಡ್ಡ ತಟ್ಟೆಗೆ ಆಕ್ತೀವಿ."

ತಮ್ಮ ತಗಡಿನ ಡಬ್ಬಿಯಲ್ಲಿದ್ದ ಅಡಿಕೆಯನ್ನು ಸೆರಗಿಗೆ ಸುರಿದುಕೊಂಡು, "ಮುಚ್ಚಳಕ್ಕೆ ನಾಕು ತೂತು ಒಡ್ಕಳಿ" ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು. ನಾನು ಮದ್ದೂರಿನಲ್ಲೇ ಇಳಿದು ವಾಪಸಾದೆ.

ಡಬ್ಬಿಗೆ ಬಿಟ್ಟ ಮಾರನೆಯ ದಿನವೇ ಜೇಡ ಒಂದು ಮಿಡತೆ ತಿಂದಿತ್ತು.

ಎರಡು ಸಲ ಪೊರೆ ಬಿಟ್ಟ ಮೇಲೆ ಅದನ್ನು ದೊಡ್ಡ ಜಾಡಿಗೆ ಹಾಕಿ, ಡಬ್ಬಿಯನ್ನು ಸೋಪಿನಲ್ಲಿ ಮೂರು ಸಲ ತೊಳೆದು ಪೂರಿಗಾಲಿಗೆ ಹೋಗಿ ಕೊಟ್ಟೆ. ಆಕೆ ಆಗಲೇ ಅದಕ್ಕೆ ಅಡಿಕೆ ತುಂಬಿ, ಒಂದು ಹೋಳು ಬಾಯಿಗೆ ಹಾಕಿಕೊಂಡು, ಡಬ್ಬಿಯನ್ನು ನನ್ನ ಮುಂದೆ ಹಿಡಿದರು.

ನನಗೆ ಅಡಿಕೆ ಅಭ್ಯಾಸವಿಲ್ಲ ಎಂದೆ. ಹಾಗೆನ್ನುವಾಗ, ಅಲ್ಲಿಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಹಾಕಿಕೊಂಡಿದ್ದ ಅಡಿಕೆ ಹೋಳು ಇನ್ನೂ ನನ್ನ ದವಡೆಯಲ್ಲೇ ಇತ್ತು.