ಪೊಟ್ಟಣದ ಮೇಲಿನ ವಿಳಾಸ

ಅತ್ತಿಗೆಯ ಹುಬ್ಬಿನ ಮೇಲೆ ಸದಾ ಖಾರದ ಪುಡಿ ಕೂತಿರುತ್ತಿತ್ತು. ಒರೆಸಿಕೊಂಡರೆ ಕಣ್ಣಿಗಿಳಿಯುತ್ತದೆಂದು ಸಂಜೆಯವರೆಗೂ ಹಾಗೇ ಬಿಡುತ್ತಿದ್ದರು. ಹೊಸಬಾಳೆಯಿಂದ ಶಿಕಾರಿಪುರಕ್ಕೆ ನಮ್ಮ ಮನೆಯ ಸೊಸೆಯಾಗಿ ಬಂದವರು. ಅಣ್ಣ ತೀರಿಕೊಂಡ ಮೇಲೆ ಮೆಣಸಿನಕಾಯಿ ಬೀಸುವ ನಮ್ಮ ಗಿರಣಿಯನ್ನು ಅವರೇ ನಡೆಸಿದರು. ನಾದಿನಿ ನಾನು ಅವರ ಜೊತೆಗಿದ್ದೆ.

ಬೀಸಿಕೊಡುವುದಷ್ಟೇ ಸಾಲದೆಂದು ಖಾರದ ಪುಡಿಯ ಪೊಟ್ಟಣ ಮಾಡಿ ಮಾರಲು ಹೊರಟಾಗ ಅವರು ಮೊದಲು ಓಡಿದ್ದು ಲೈಸೆನ್ಸಿಗೆ. ನೀರಿನ ಪರೀಕ್ಷೆ, ತಕ್ಕಡಿಗೆ ಮುದ್ರೆ, ಕೆಲಸದ ಹೆಂಗಸರಿಬ್ಬರಿಗೆ ಆರೋಗ್ಯ ತಪಾಸಣೆ ಎಲ್ಲ ಆಯಿತು. ಪೊಟ್ಟಣ ಮಾರಿಕೊಡಲು ಒಪ್ಪಿದ್ದ ಸೊರಬದ ಅಂಗಡಿಯವರೊಬ್ಬರು ನಕ್ಕರು.

"ಇಷ್ಟು ಸಣ್ಣ ಗಿರಣಿಗೆ ಇದೆಲ್ಲ ಯಾಕ್ರೀ?"

"ತಿಂದೋರಿಗೆ ಏನಾದ್ರೂ ಆದ್ರೆ ಬಂದು ಕೇಳೋಕೆ ಒಂದು ಬಾಗಿಲು ಬೇಡ್ವೇನ್ರೀ?" ಎಂದು ಅತ್ತಿಗೆ ಪೊಟ್ಟಣದ ಮೇಲೆ ಗಿರಣಿಯ ಪೂರ್ತಿ ವಿಳಾಸ ಅಚ್ಚು ಹಾಕಿಸಿದರು.

ಒಂದು ಬೇಸಿಗೆಯಲ್ಲಿ ಅಂಜನಾಪುರದವರೊಬ್ಬರು ಆ ವಿಳಾಸ ಹಿಡಿದು ಬಂದರು. "ಅಕ್ಕಾರೆ, ನಿಮ್ಮ ಪುಡಿ ನೀರಿಗೆ ಹಾಕಿದ್ರೆ ಬಣ್ಣ ಬಿಡ್ತದ್ರೀ."

ಅತ್ತಿಗೆ ಲೋಟದ ನೀರಿಗೆ ಒಂದು ಚಿಟಿಕೆ ಉದುರಿಸಿದರು. ಕೆಂಪು ಗೆರೆಗಳು ಸರಸರನೆ ಕೆಳಗಿಳಿದವು. ಚೀಲದಲ್ಲಿ ಉಳಿದ ಮೆಣಸಿನಕಾಯಿಯೂ ಹಾಗೇ ಬಣ್ಣ ಬಿಟ್ಟಿತು; ನಮಗೆ ಮಾರಿದ ವ್ಯಾಪಾರಿಯೇ ಅದಕ್ಕೆ ಬಣ್ಣ ಬಳಿದಿದ್ದ.

ಮಾಲು ವಾಪಸು ತರಲು ಸೊರಬಕ್ಕೆ ಹೋದಾಗ ಅದೇ ಅಂಗಡಿಯವರು, "ಸುಮ್ನೆ ತಗೊಂಡು ಹೋಗ್ರಿ. ಇಲಾಖೆಗೆ ಹೇಳಿದ್ರೆ ಗಿರಣಿ ಮುಚ್ಚಿಸ್ತಾರೆ" ಎಂದರು.

"ಮುಚ್ಚಿಸಲಿ" ಎಂದ ಅತ್ತಿಗೆ ಅಲ್ಲೇ ನಿಂತು ಆಹಾರ ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿದರು.

ಗಿರಣಿ ನಿಂತಿತು. ಪುಡಿಯ ಮಾದರಿ ಪರೀಕ್ಷೆಗೆ ಹೋಯಿತು, ವರದಿ ಬಂತು, ದಂಡ ಬಿತ್ತು. ಕೆಲಸದ ಹೆಂಗಸರಿಗೆ ಸಂಬಳ ಮಾತ್ರ ತಪ್ಪಲಿಲ್ಲ. ಮತ್ತೆ ಶುರು ಮಾಡಿದಾಗ ಎಷ್ಟೋ ಅಂಗಡಿಗಳು ನಮ್ಮ ಪೊಟ್ಟಣ ಇಟ್ಟುಕೊಳ್ಳಲಿಲ್ಲ. ಅತ್ತಿಗೆ ಯಾರನ್ನೂ ದೂರಲಿಲ್ಲ. ಬಂದ ಪ್ರತಿ ಚೀಲದಿಂದಲೂ ಒಂದು ಹಿಡಿ ತೆಗೆದು ಪರೀಕ್ಷಿಸುವುದನ್ನು ನನಗೆ ಕಲಿಸಿದರು.

ಈ ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಊಟ ಮಾಡಿ ಗೋಡೆಗೊರಗಿ ಕೂತ ಅತ್ತಿಗೆ ಮತ್ತೆ ಏಳಲಿಲ್ಲ. ನನಗೆ ಅಳು ಬರಲಿಲ್ಲ. ಯಂತ್ರದ ಸ್ವಿಚ್ ಆರಿಸಿದೆ. ಬಂದವರಿಗೆಲ್ಲ ಚಾಪೆ ಹಾಸಿದೆ. ಯಾರೋ ಏನೋ ಕೇಳಿದರೆ ಉತ್ತರ ಕೊಟ್ಟೆ. ಏನು ಹೇಳಿದೆನೋ ನೆನಪಿಲ್ಲ.

ಆಮೇಲೊಂದು ದಿನ ಲೈಸೆನ್ಸ್ ರದ್ದು ಮಾಡಿಸಲು ಕಚೇರಿಗೆ ಹೋದೆ.

"ತೀರಿಕೊಂಡವರ ಹೆಸರಲ್ಲಿ ಮುಂದುವರಿಸೋಕೆ ಬರಲ್ಲಮ್ಮ" ಎಂದರು ಗುಮಾಸ್ತರು. "ನಡೆಸೋರು ಯಾರಾದ್ರೂ ಇದ್ದಾರಾ?"

ಇಲ್ಲ ಎನ್ನಲೆಂದೇ ಬಾಯಿ ತೆರೆದೆ.

"ನಾನಿದೀನಿ" ಎಂದೆ.

ಎದೆಯೊಳಗೆ ಏನೂ ಅಲುಗಲಿಲ್ಲ. ಅವರು ಹೊಸ ಅರ್ಜಿ ತೆಗೆದು ನನ್ನ ಹೆಸರು ಕೇಳಿದರು. ಹೇಳಿದೆ.